ಹಳೇ ಪೆಡಲ್ ಕರಕರ ಅಂದ್ರೆ ಕೆಟ್ಟಿದೆ ಅಂತಲ್ಲ

ಸೆಕೆಂಡ್ ಹ್ಯಾಂಡ್ ಬಾಸ್ ಡಿಎಸ್-1 (ಗಿಟಾರ್ ಸದ್ದನ್ನ ಒರಟು ಮಾಡೋ, ಕಾಲಲ್ಲಿ ತುಳಿಯೋ ಡಿಸ್ಟಾರ್ಷನ್ ಪೆಡಲ್) ತಗೊಂಡಿದೀನಿ, ನಾಬ್ ತಿರುಗಿಸಿದ್ರೆ ಕರಕರ ಅನ್ನುತ್ತೆ, ಟೋಪಿ ಬಿತ್ತಾ ಅಂತ ಕೇಳಿದೀರಿ. ಇಲ್ಲ ಬಿಡಿ. 1978ರಿಂದ ಬರ್ತಿರೋ ಗಟ್ಟಿ ಡಬ್ಬ ಅದು. ಸಾಮಾನ್ಯವಾಗಿ ಧೂಳಿನ ಕಾಟ ಅಷ್ಟೇ, ನಮ್ಮೂರಲ್ಲಿ ಅದಕ್ಕೇನು ಬರ!

ಮೊದಲು ಮುಂದಿನ ದಪ್ಪ ಸ್ಕ್ರೂ ಕೈಯಲ್ಲೇ ಸಡಿಲಿಸಿ, ತುಳಿಯೋ ಭಾಗ ಎತ್ತಿ ನೋಡಿ. ಹಳೇ 9 ವೋಲ್ಟ್ ಬ್ಯಾಟರಿ ಸೋರಿ ಸ್ನ್ಯಾಪ್ (ಬ್ಯಾಟರಿಗೆ ಸಿಕ್ಕಿಸೋ ಕ್ಲಿಪ್) ಮೇಲೆ ಪುಡಿ ಕಟ್ಟಿರಬಹುದು. ಆಲ್ಕಲೈನ್ ಬ್ಯಾಟರಿ ಆಗಿದ್ರೆ ಇಯರ್ ಬಡ್ ತುದಿಗೆ ಒಂದು ಹನಿ ವಿನೆಗರ್ ಹಾಕಿ ಉಜ್ಜಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಜ್ಯಾಕ್‌ಗಳ ಒಳಗೂ ಅದೇ ಆಲ್ಕೋಹಾಲ್ ಸಾಕು.

ಈಗ ನಾಬ್ ವಿಷಯ. ಕಾಲೇಜಲ್ಲಿದ್ದಾಗ ನಾನು ಬುದ್ಧಿವಂತಿಕೆ ಮಾಡಿ, ಬೈಕ್ ಚೈನ್‌ಗೆ ಹೊಡೆಯೋ ಸ್ಪ್ರೇನೇ ನಾಬ್ ಸಂದಿಗೆ ಹೊಡೆದಿದ್ದೆ. ಎರಡು ದಿನ ಬೆಣ್ಣೆ ಥರ ತಿರುಗ್ತು. ತಿಂಗಳಾಗೋದ್ರಲ್ಲಿ ಆ ಜಿಡ್ಡಿಗೆ ಧೂಳು ಮೆತ್ತಿ, ಟೋನ್ ನಾಬ್ ಮುಟ್ಟಿದ್ರೆ ಹಿಟ್ಟಿನ ಗಿರಣಿ ಸದ್ದು! ಕೊನೆಗೆ ಪಾಟೇ (ನಾಬ್ ಕೆಳಗಿರೋ ಪೊಟೆನ್ಶಿಯೋಮೀಟರ್) ಬದಲಾಯಿಸಬೇಕಾಯ್ತು.

ನೀವು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ 'ಕಾಂಟ್ಯಾಕ್ಟ್ ಕ್ಲೀನರ್, ಪ್ಲಾಸ್ಟಿಕ್‌ಗೆ ಏನೂ ಆಗಬಾರದು' ಅಂತ ಕೇಳಿ ತನ್ನಿ. ಕೇಬಲ್, ಅಡಾಪ್ಟರ್, ಬ್ಯಾಟರಿ ಎಲ್ಲ ತೆಗೆದು, ತಳದ ನಾಲ್ಕು ಸ್ಕ್ರೂ ಬಿಚ್ಚಿ. ಬೋರ್ಡ್ ಮೆಲ್ಲಗೆ ಎತ್ತಿ, ವೈರ್ ಎಳೀಬೇಡಿ. ಪಾಟ್‌ನ ಮೂರು ಕಾಲುಗಳ ಹತ್ತಿರ ಸಣ್ಣ ಸಂದಿ ಕಾಣುತ್ತೆ, ಸ್ಪ್ರೇ ಕೊಳವೆ ಅಲ್ಲಿಟ್ಟು ಒಂದೇ ಸಲ ಚೂರು ಹೊಡೀರಿ. ಒಳಗಿರೋ ಕಾರ್ಬನ್ ಪಟ್ಟಿ ಮೇಲೆ ಲೋಹದ ಕೈ ಓಡಾಡುತ್ತೆ, ಕೊಳೆ ಕೂರೋದು ಅವೆರಡರ ನಡುವೆ. ಹಾಗಾಗಿ ಆ ತುದಿಯಿಂದ ಈ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ. ಅರ್ಧ ಗಂಟೆ ಒಣಗಲಿ, ಆಮೇಲೆ ಮುಚ್ಚಿ.

ಅಡಾಪ್ಟರ್ ಹಾಕೋ ಮುಂಚೆ ನೋಡಿ: 9 ವೋಲ್ಟ್ ಡಿಸಿ, ಪಿನ್ನಿನ ನಡುವೆ ಮೈನಸ್. ಮನೇಲಿ ಬಿದ್ದಿರೋ ರೌಟರ್ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ನಡುವೆ ಪ್ಲಸ್ ಇರುತ್ತೆ, ಹತ್ರನೂ ತರಬೇಡಿ. ತಳದಲ್ಲಿ 'ಎಸಿಎ' (ಬಾಸ್‌ನ ಹಳೇ ಥರದ ಅಡಾಪ್ಟರ್ ಹೆಸರು) ಅಂತ ಬರೆದಿರೋ ಹಳೇ ಡಿಎಸ್-1ಗೆ ಈಗಿನ 9 ವೋಲ್ಟ್ ಅಡಾಪ್ಟರ್ ಹಾಕಿದ್ರೆ ಲೈಟ್ ಮಂಕಾಗೋದು ಸಹಜ. ಅದೂ ಕೆಟ್ಟಿಲ್ಲ.

ಎರಡು ಸಲ ಕ್ಲೀನ್ ಮಾಡಿದ್ರೂ ಕರಕರ ನಿಲ್ಲಲಿಲ್ಲ ಅಂದ್ರೆ ಪಾಟ್ ಸವೆದಿರಬೇಕು, ಇಲ್ಲಾ ಡಿಸಿ ತಡೀಬೇಕಾದ ಯಾವುದೋ ಕೆಪಾಸಿಟರ್ ಸೋರಿ ಪಾಟ್‌ಗೆ ಡಿಸಿ ಬರ್ತಿರಬೇಕು. ಆಗ ಸ್ಪ್ರೇ ಡಬ್ಬ ಎತ್ತಿಟ್ಟು, ಸೋಲ್ಡರಿಂಗ್ ಬರೋರ ಕೈಗೆ ಕೊಡಿ.