‘ಘಟಶ್ರಾದ್ಧ’ವನ್ನು ಮತ್ತೆ ತೋರಿಸುವ ಮೊದಲು

ಶಿರಸಿಯ ನಿಮ್ಮ ಕಾಲೇಜಿನಲ್ಲಿ ‘ಘಟಶ್ರಾದ್ಧ’ ಚಿತ್ರವನ್ನು ತೋರಿಸಿದಾಗ ವಿದ್ಯಾರ್ಥಿಗಳು ಅರ್ಧಕ್ಕೇ ಎದ್ದುಹೋದರು, ಚಿತ್ರ ಹಳತಾಗಿರುವುದೇ ಕಾರಣವೇ ಎಂದು ಕೇಳಿ ಬರೆದಿದ್ದೀರಿ. ಅದಕ್ಕೆ ಚಿತ್ರ ಹಳತಾಗಿರುವುದಕ್ಕಿಂತ, ನೀವೇ ಬರೆದಿರುವ ಮಸುಕು ಪ್ರತಿ ಮತ್ತು ತಗಡಿನ ಮಾಡಿನ ಮೇಲೆ ಸುರಿಯುತ್ತಿದ್ದ ಮಳೆಯ ಸದ್ದು ಹೆಚ್ಚು ಕಾರಣವಾಗಿರಬೇಕು. ಕಾರವಾರದಲ್ಲಿ ನಾವು ಏರ್ಪಡಿಸಿದ ಪ್ರದರ್ಶನದಲ್ಲೂ ಮಾತುಗಳೇ ಕೇಳಿಸದೆ ಜನ ಬೇಸತ್ತಿದ್ದರು.

ಮೊದಲು ಪ್ರತಿಯನ್ನು ಬದಲಿಸಿ. ಗಿರೀಶ ಕಾಸರವಳ್ಳಿಯವರ 1977ರ ಈ ಕಪ್ಪು-ಬಿಳುಪು ಚಿತ್ರದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಆ ಕೆಲಸದಲ್ಲಿ ಪಾಲ್ಗೊಂಡ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್‌ಗೆ ಕಾಲೇಜಿನ ಪರವಾಗಿ ಪತ್ರ ಬರೆದು ಕೇಳಿ, ಒಪ್ಪಿಯೇ ಒಪ್ಪುತ್ತಾರೆಂದು ಭರವಸೆ ಕೊಡಲಾರೆ. ಬಳಿಕ, ಪರದೆಯ ಮೇಲೆ ಮುಖಗಳು ಅಡ್ಡಕ್ಕೆ ಹಿಗ್ಗದಂತೆ ಪ್ರೊಜೆಕ್ಟರನ್ನು ಸರಿಪಡಿಸಿ, ಧ್ವನಿಗೆ ಪ್ರತ್ಯೇಕ ಸ್ಪೀಕರ್ ಜೋಡಿಸಿ, ಪ್ರದರ್ಶನವನ್ನು ದೀಪಾವಳಿಯ ನಂತರಕ್ಕೆ ಇಟ್ಟುಕೊಳ್ಳಿ.

ಆರಂಭದಲ್ಲಿ ಪ್ರಶಸ್ತಿಗಳ ಪಟ್ಟಿ ಓದದೆ, ನಾಣಿ ಎಂಬ ಬಾಲಕನ ಕಣ್ಣಿನಿಂದ ಕಥೆಯನ್ನು ನೋಡಿ ಎಂದಷ್ಟೇ ಹೇಳಿ. ಚಿತ್ರದ ನಿಧಾನಗತಿ ಇಂದಿನವರಿಗೆ ಭಾರವೆನಿಸುವುದು ನಿಜ; ಆದರೆ ಬದುಕಿರುವ ಮಗಳು ಯಮುನೆಗೆ ತಂದೆಯೇ ಮಡಕೆ ಒಡೆದು ಶ್ರಾದ್ಧ ಮಾಡುವ ದೃಶ್ಯದ ಕಸುವು ಒಂದಿಷ್ಟೂ ಕುಂದಿಲ್ಲ. ಯಮುನೆಯನ್ನು ಹೊರಹಾಕಿದವರು ಯಾರು, ಸುಮ್ಮನೆ ನೋಡುತ್ತ ನಿಂತವರು ಯಾರು ಎಂಬ ಪ್ರಶ್ನೆಯನ್ನಿಟ್ಟು ಚರ್ಚೆಯನ್ನು ಅಲ್ಲಿಂದಲೇ ಆರಂಭಿಸಿ.