ಎಲ್ಲ ಆನ್‌ಲೈನ್ ಆದ ಮೇಲೆ ಸರ್ಕಾರ ಜನರಿಗೆ ಹತ್ತಿರ ಆಗಿದೆಯಾ?

ನೀವು ಕೇಳಿದ್ದಕ್ಕೆ ನನ್ನ ಉತ್ತರ: ಕಾಗದ ಹತ್ತಿರ ಬಂದಿದೆ, ಕೇಳುವ ಜನ ದೂರ ಹೋಗಿದ್ದಾರೆ. ನಾನು ಉಡುಪಿ ಜಿಲ್ಲೆಯ ಕಾಪು ಕಡೆಯವಳು, ಇಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಅಪ್ಪ ಒಂದು ಆರ್‌ಟಿಸಿಗಾಗಿ, ಅಂದರೆ ಜಮೀನಿನ ಪಹಣಿಗಾಗಿ, ಗ್ರಾಮ ಕರಣಿಕರನ್ನು ಹುಡುಕಿಕೊಂಡು ಹೋಗುತ್ತಿದ್ದರು, ಅವರು ಸಿಗದಿದ್ದರೆ ಅವರ ಸಹಾಯಕನಾದ ಉಗ್ರಾಣಿಯ ಮನೆಗೆ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಸೇರಿದ ಮೇಲೆ, ತಾಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಕೈಗೆ ಬರತೊಡಗಿತು. ಆ ನೆಮ್ಮದಿ ಸಣ್ಣದಲ್ಲ.

ಈಗ ಅಮ್ಮನ ಕಥೆ. ರೇಷನ್ ಕಾರ್ಡಿನಲ್ಲಿ ಅವರ ಹೆಸರಿನ ಮುಂದೆ 'ಪೂಜಾರ್ತಿ', ಆಧಾರ್‌ನಲ್ಲಿ 'ಪೂಜಾರಿ'. ನಮ್ಮೂರಲ್ಲಿ ಇದು ತಪ್ಪೇ ಅಲ್ಲ, ಹೆಂಗಸರನ್ನು ಹಾಗೆಯೇ ಕರೆಯುವುದು. ಆದರೆ ಕಂಪ್ಯೂಟರಿಗೆ ಇಬ್ಬರು ಬೇರೆ ಬೇರೆ ಹೆಂಗಸರು, ಖಾತೆಗೆ ಬರುತ್ತಿದ್ದ ಸರ್ಕಾರದ ಹಣ ನಿಂತೇ ಹೋಯಿತು. ಆಧಾರ್ ತಿದ್ದಿಸಲು ಹೋದರೆ, ವರ್ಷಗಟ್ಟಲೆ ಬೀಡಿ ಕಟ್ಟಿ ನುಣುಪಾದ ಬೆರಳು ಮಿಷನ್‌ನಲ್ಲಿ ಬೀಳುವುದೇ ಇಲ್ಲ! ಒರೆಸಿದರು, ಎಣ್ಣೆ ಹಚ್ಚಿದರು, ಮತ್ತೆ ಒತ್ತಿದರು. ಕೌಂಟರಿನ ಹುಡುಗನೂ ಪಾಪ, "ಸಿಸ್ಟಮ್ ತೆಗೆದುಕೊಳ್ಳುತ್ತಿಲ್ಲ ಅಮ್ಮ" ಅನ್ನುವುದನ್ನು ಬಿಟ್ಟು ಏನು ಮಾಡಿಯಾನು?

ರಾಜಕೀಯ ಬದಲಾಗಿರುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ. ಹಣ ಬೆಂಗಳೂರಿನಿಂದ ನೇರ ಖಾತೆಗೆ ಬೀಳುತ್ತದೆ, ನಡುವೆ ಯಾರೂ ಕೈ ಹಾಕುವಂತಿಲ್ಲ, ಅದು ಒಳ್ಳೆಯದೇ. ಆದರೆ ಅದರ ಜೊತೆಗೆ ಪಂಚಾಯತ್ ಸದಸ್ಯರ ಕೈಯೂ ಖಾಲಿಯಾಯಿತು. ಮೊದಲು ಅವರು ಕಚೇರಿಗೆ ಹೋಗಿ ಜಗಳ ಆಡಿಯಾದರೂ ಕೆಲಸ ಮಾಡಿಸುತ್ತಿದ್ದರು, ನಾವೂ ಓಟಿನ ಹೊತ್ತಿಗೆ ಅದನ್ನು ನೆನಪಿಟ್ಟುಕೊಳ್ಳುತ್ತಿದ್ದೆವು. ಈಗ ಅವರು ಯಾರ ಹತ್ತಿರ ಜಗಳ ಆಡಬೇಕು? ಅಮ್ಮನಿಗೆ ಅವರು ಹೇಳಿದ್ದೂ "ಸೈಬರ್‌ಗೆ ಹೋಗಿ ನೋಡಿ ಅಕ್ಕ" ಅಂತ ಅಷ್ಟೆ.

ಹಾಗಾಗಿ ನನಗೆ ಆಪ್‌ಗಳಿಗಿಂತ 2012ರಲ್ಲಿ ಜಾರಿಗೆ ಬಂದ ಸಕಾಲ ಕಾಯ್ದೆ ಜಾಸ್ತಿ ಇಷ್ಟ. ಅದರಡಿ ಬರುವ ಸೇವೆಗಳಲ್ಲಿ ಅರ್ಜಿಗೆ ಒಂದು ನಂಬರ್, ಕೆಲಸಕ್ಕೆ ಇಷ್ಟೇ ದಿನ ಅಂತ ಗಡುವು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ, ತಿರಸ್ಕರಿಸಿದರೆ ಮೇಲ್ಮನವಿ. ಹಣ ಸಣ್ಣದು, ಆದರೆ ಉತ್ತರ ಕೊಡಲೇಬೇಕಾದ ಒಬ್ಬ ಅಧಿಕಾರಿ ಅಲ್ಲಿದ್ದಾರೆ, ಅದು ಮುಖ್ಯ ಅಲ್ವಾ? ಹೆಸರು ತಾಳೆಯಾಗದೆ ನಿಂತುಹೋದ ಹಣಕ್ಕೂ ಇಂಥದ್ದೊಂದು ಗಡುವು ಬೇಕು. ಅಮ್ಮ ಮುಂದಿನ ವಾರ ಮತ್ತೆ ಬೆರಳು ಒತ್ತಲು ಹೋಗುತ್ತಿದ್ದಾರೆ.