ಸಂಪಾದಕರ ಉತ್ತರ: ಕೌಂಟರಿನ ಆಚೆ ನಿಂತವಳು

ಪ್ರಿಯ ಓದುಗರೇ,

ಆಸ್ಪತ್ರೆಯೊಂದರ ಚೀಟಿ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ ಎಂದು ಬರೆದಿದ್ದೀರಿ. ಬೀದಿಯಲ್ಲಿ ನಿಂತು ದುಡಿಯುವ ಲೈಂಗಿಕ ಕಾರ್ಯಕರ್ತೆಯರ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನಿಮಗೆ ಸಿಟ್ಟು ಬಂದಿದೆ. ‘ಪರೀಕ್ಷೆ ಪುಕ್ಕಟೆ, ಔಷಧಿ ಪುಕ್ಕಟೆ. ಬರೋಕೆ ಇವರಿಗೇನು ಧಾಡಿ? ರೋಗ ಹತ್ತಿಸಿಕೊಂಡು ಊರನ್ನು ದೂರಿದರೆ ಹೇಗೆ?’ ಎಂದು ಕೇಳಿದ್ದೀರಿ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಲೇಖನದಲ್ಲಿ ಎಚ್‌ಐವಿ ಬಿಟ್ಟರೆ ಬೇರೆ ಕಾಯಿಲೆಯ ಸುದ್ದಿಯೇ ಇರಲಿಲ್ಲ. ಓದಿದವರಿಗೆ ಇವರೆಂದರೆ ರೋಗ ಅಂತಲೇ ಅನ್ನಿಸುತ್ತದೆ. ಸೊಂಟನೋವು, ಬಿಪಿ, ಹಲ್ಲುನೋವು, ನಿದ್ದೆ ಬಾರದ ಕಾಟ ಅವರಿಗೂ ಇರುತ್ತದೆ ಅಲ್ವಾ? ಮೂತ್ರದ ಸೋಂಕನ್ನೇ ನೋಡಿ. ನಿಂತ ಜಾಗದಲ್ಲಿ ಶೌಚಾಲಯ ಇರುವುದಿಲ್ಲ. ಇದ್ದರೂ ರಾತ್ರಿ ಬೀಗ. ಪಕ್ಕದ ಅಂಗಡಿಯವರು ಒಳಗೆ ಬಿಡುವುದಿಲ್ಲ. ಹಾಗಾಗಿ ಸಂಜೆಯಿಂದಲೇ ನೀರು ಕುಡಿಯುವುದು ಬಿಡುತ್ತಾರೆ, ಬಂದರೂ ತಡೆದುಕೊಳ್ಳುತ್ತಾರೆ. ಆಮೇಲೆ ಉರಿ, ಜ್ವರ. ಆ ಬೀಗಕ್ಕೂ ಇದರಲ್ಲಿ ಪಾಲಿದೆ.

ಈಗ ಧಾಡಿಯ ಮಾತು. ಬೆಳಗಿನ ಜಾವ ಮಲಗಿದವಳು ಓಪಿಡಿ ಮುಚ್ಚುವುದರೊಳಗೆ ಎದ್ದು ಬರಬೇಕು. ಬಂದಳು ಅನ್ನಿ. ಕಿಟಕಿಯೊಳಗಿಂದ ‘ಏನು ಕೆಲಸ? ಜೋರಾಗಿ ಹೇಳಮ್ಮ’ ಅಂತಾರೆ. ಬೆನ್ನ ಹಿಂದೆ ಉದ್ದ ಸಾಲು. ‘ಮನೆಗೆಲಸ’ ಅಂತ ಸುಮ್ನೆ ಹೇಳಿಬಿಡುತ್ತಾಳೆ. ಡಾಕ್ಟರಿಗೆ ಹೋಗುವುದೂ ಅದೇ ಸುಳ್ಳು. ಯಾವ ಪರೀಕ್ಷೆ ಬೇಕೋ ಅದು ಯಾರಿಗೂ ಹೊಳೆಯುವುದಿಲ್ಲ. ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ಕಾಯಿಲೆ ಶುರುವಿನಲ್ಲೇ ಸಿಕ್ಕರೆ ಸಾಮಾನ್ಯವಾಗಿ ಒಂದು ಸಲದ ಪೆನಿಸಿಲಿನ್ ಇಂಜೆಕ್ಷನ್‌ಗೆ ವಾಸಿಯಾಗುತ್ತದೆ. ಸಿಗದಿದ್ದರೆ ವರ್ಷಗಟ್ಟಲೆ ಒಳಗೇ ಉಳಿದು ಹೃದಯಕ್ಕೋ ಮಿದುಳಿಗೋ ಹೋಗಬಹುದು.

ಅತ್ಯಾಚಾರ ಆದರಂತೂ ಕೇಳಲೇಬೇಡಿ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಿ 28 ದಿನ ನುಂಗಬೇಕು. ‘ನಿನ್ನ ಕೆಲಸವೇ ಅದಲ್ವಾ’ ಅನ್ನುವ ಮಾತು ಒಮ್ಮೆ ಕೇಳಿದವಳು ಆ 72 ಗಂಟೆಯನ್ನು ಮನೆಯಲ್ಲೇ ಕಳೆಯುತ್ತಾಳೆ.

ಇನ್ನು ಪೊಲೀಸರು. ಎಷ್ಟೋ ದೇಶಗಳಲ್ಲಿ ಬ್ಯಾಗಿನಲ್ಲಿ ಕಾಂಡೋಮ್ ಸಿಕ್ಕರೆ ಅದನ್ನೇ ಸಾಕ್ಷಿ ಮಾಡಿಕೊಂಡಿದ್ದಾರೆ. ಜೀಪಿನ ದೀಪ ಕಂಡ ತಕ್ಷಣ ಅವಳು ಮೊದಲು ಎಸೆಯುವುದು ಅದನ್ನೇ. ಆರೋಗ್ಯ ಇಲಾಖೆ ಕೊಟ್ಟದ್ದು ಚರಂಡಿ ಸೇರುತ್ತದೆ! ಈ ಕೆಲಸವನ್ನು ಅಪರಾಧ ಅನ್ನುವುದು ನಿಲ್ಲಿಸಿದರೆ ಹತ್ತು ವರ್ಷದಲ್ಲಿ ಇವರಿಗೂ ಗಿರಾಕಿಗಳಿಗೂ ತಗಲುವ ಹೊಸ ಎಚ್‌ಐವಿ ಸೋಂಕಿನಲ್ಲಿ ಶೇ. 33ರಿಂದ 46ರಷ್ಟು ತಪ್ಪಿಸಬಹುದು ಎಂಬ ಅಂದಾಜನ್ನು 2014ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಪ್ರಕಟಿಸಿತು. ನ್ಯೂಜಿಲೆಂಡ್ 2003ರಲ್ಲೇ ಹಾಗೆ ಮಾಡಿತ್ತು. ಕಾನೂನು ಬದಲಿಸುವುದು ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ, ಬಿಡಿ.

ಆದರೆ ಆ ಕಿಟಕಿ ನಿಮ್ಮ ಕೈಲಿದೆ. ಚೀಟಿಯಲ್ಲಿ ‘ಉದ್ಯೋಗ’ದ ಜಾಗ ತುಂಬಲೇಬೇಕಾ? ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗುತ್ತದಾ? ಒಮ್ಮೆ ನೋಡಿ ಬರೆಯಿರಿ. ನಿಮ್ಮ ಹೆಸರು ಹಾಕದೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇನೆ.

– ಸಂ.